ವಿಭೂತಿ ಹಚ್ಚಿದ ಚೀಟಿ

"ಅಕ್ಷರ ನಂದೇ ಅದ. ಸಹಿನೂ ನಂದೇ. ಆದ್ರ ಈ ಮೂವರಿಗೆ ನಾ ಗುಳಿಗಿ ಬರದು ಕೊಟ್ಟಿಲ್ಲ ಮೇಡಂ."

ಡಾಕ್ಟರ್ ಸುನೀಲಕುಮಾರ ಇಷ್ಟು ಹೇಳಿ ಕೈಕಟ್ಟಿ ಕುಳಿತರು. ಡಾಕ್ಟರನ್ನು ತಮ್ಮ ಕೈಗೆ ಕೊಡಿ ಎಂದು ಹೊರಗೆ ಜನ ಕೂಗುತ್ತಿದ್ದರು. ಠಾಣೆಯ ಕಿಟಕಿಯ ಗಾಜು ಆಗಲೇ ಒಂದು ಒಡೆದಿತ್ತು.

ನನ್ನ ಮೇಜಿನ ಮೇಲೆ ಮೂರು ಝೆರಾಕ್ಸ್ ಚೀಟಿಗಳಿದ್ದವು. ಮೂರರಲ್ಲೂ ಅದೇ ಡಾಕ್ಟರ ಹೆಸರು, ಅದೇ ಗುಳಿಗೆ, ಮನಸ್ಸು ಕುಗ್ಗಿದವರಿಗೆ ಕೊಡುವಂಥದ್ದು. ರೋಗಿಯ ಹೆಸರು, ವಯಸ್ಸು, ತಾರೀಖು ಇರಬೇಕಾದ ಜಾಗ ಮಾತ್ರ ಖಾಲಿ. ಯಾರೋ ಅದರ ಮೇಲೆ ಕಾಗದದ ಪಟ್ಟಿ ಇಟ್ಟು ಝೆರಾಕ್ಸ್ ತೆಗೆಸಿದ್ದರು.

ಮೊದಲನೆಯದು ಉಮಾಶ್ರೀಯ ಪುಸ್ತಕದಲ್ಲಿ ಸಿಕ್ಕಿತ್ತು. ರಂಗಂಪೇಟೆಯ ಬಟ್ಟೆ ವ್ಯಾಪಾರಿ ನೀಲಕಂಠನ ಮಗಳು, ಹತ್ತೊಂಬತ್ತು ವರ್ಷ. ಸಾಯಲು ಹೊರಟವಳನ್ನು ಪಕ್ಕದ ಮನೆಯವರು ಹಿಡಿದು ಉಳಿಸಿದ್ದರು. ಎರಡನೆಯದು ಕಡೇಚೂರಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತಿಮ್ಮಣ್ಣನ ಕಿಸೆಯಲ್ಲಿತ್ತು. ಅವನು ಉಳಿಯಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ.

ಮೂರನೆಯದು ಇವತ್ತು ಬೆಳಿಗ್ಗೆಯಷ್ಟೇ ಶಹಾಪುರದ ಔಷಧಿ ಅಂಗಡಿಯ ಲಕ್ಷ್ಮಿಕಾಂತನ ಫೈಲಿನಿಂದ ಹೊರಬಿದ್ದಿತ್ತು. ಹಿಂಬದಿಗೆ ಅವನೇ ತಾರೀಖು ಹಾಕಿದ್ದ. ಹದಿನಾರು ದಿನಗಳ ಹಿಂದಿನದು. ಯಾರಿಗೆ ಕೊಟ್ಟೆ ಎಂದರೆ, "ಯಾರೋ ಹೆಣ್ಮಗಳು ಬಂದಿದ್ಲು, ಮಾರಿ ನೆನಪಿಲ್ರಿ" ಎಂದಿದ್ದ. ಅವನ ಮೇಲೆ ಕೇಸು ಹಾಕಿಯೇ ಅಲ್ಲಿಂದ ಎದ್ದಿದ್ದೆ.

ಅಂದರೆ ಈ ಗುಳಿಗೆ ನುಂಗುತ್ತಿರುವ ಮೂರನೆಯವರು ಒಬ್ಬರು ಎಲ್ಲೋ ಇದ್ದಾರೆ. ಅವರನ್ನು ಬದುಕಿರುವಾಗಲೇ ಹುಡುಕಬೇಕು. ಉಳಿದದ್ದೆಲ್ಲ ಆಮೇಲೆ.

"ಹದಿನಾರು ದಿನ ಅಂದ್ರ ಭಾಳ ನಾಜೂಕು ಟೈಮ್ ಮೇಡಂ," ಎಂದರು ಡಾಕ್ಟರು. "ಇದೇ ಗುಳಿಗಿಯಿಂದ ನೂರಾರು ಮಂದಿ ಎದ್ದು ಕುಂತಾರ. ಇದು ವಿಷ ಅಲ್ರಿ. ಆದ್ರ ಇಪ್ಪತ್ತೈದರ ಒಳಗಿನವರಿಗೆ ಸುರುವಿನ ವಾರದಾಗ, ಇಲ್ಲಾ ಡೋಸು ಹೆಚ್ಚು ಕಡಿಮಿ ಮಾಡಿದಾಗ, ಕೆಲವರಿಗೆ ಚಡಪಡಿಕೆ ಆಗ್ತದ. ನಿದ್ದಿ ಹಾರ್ತದ, ಸಿಟ್ಟು ಬರ್ತದ. ಸಾಯೋ ವಿಚಾರ ಹೆಚ್ಚಾಗೋರೂ ಇರ್ತಾರ. ಅದಕ್ಕ ನಾವು ಸಣ್ಣ ಡೋಸಿನಿಂದ ಸುರು ಮಾಡ್ತೀವಿ. ವಾರಕ್ಕೊಮ್ಮೆ ಕರೀತೀವಿ. ಮನಿ ಮಂದಿಗೆ ಕಣ್ಣಿಡ್ರಿ ಅಂತೀವಿ."

"ಈ ಚೀಟಿಯೊಳಗಿನ ಡೋಸು?"

"ಪೂರಾ ಡೋಸು. ನಾ ಇದನ್ನ ಯಾರಿಗೂ ಮೊದಲನೇ ದಿನ ಬರಿಯೋದಿಲ್ಲ. ನಾಕು ತಿಂಗಳಾದ ಮ್ಯಾಲೆನೇ ಬರಿಯೋ ಡೋಸು ಇದು."

ಅವರ ಧ್ವನಿಯಲ್ಲಿ ಹೆದರಿಕೆ ಇರಲಿಲ್ಲ. ನನಗೆ ಹೆಮ್ಮೆಯಾಯಿತು. ಈ ಸುನೀಲಕುಮಾರ ನಮ್ಮಪ್ಪ ಚಂದ್ರಾಮಪ್ಪ ಮಾಸ್ತರರ ಕೈಯಲ್ಲಿ ಕಲಿತವರು. ನಮ್ಮ ಓಣಿಯ ಮೊದಲ ಡಾಕ್ಟರು. ಯಾದಗಿರಿಯಿಂದ ಪ್ರತಿ ಗುರುವಾರ ಸುರಪುರಕ್ಕೆ ಬಂದು ಕೂರುತ್ತಾರೆ. ಆ ಅಭಿಮಾನವನ್ನು ಬದಿಗಿಟ್ಟು ಎರಡು ತಾಸು ಅವರನ್ನು ಬಿಡದೆ ಪ್ರಶ್ನಿಸಿದ್ದೆ. ರಿಜಿಸ್ಟರಿನ ಒಂದೊಂದು ಹಾಳೆಯನ್ನೂ ತಿರುವಿದ್ದೆ. ಉಮಾಶ್ರೀಯ ಹೆಸರಿಲ್ಲ, ತಿಮ್ಮಣ್ಣನ ಹೆಸರಿಲ್ಲ.

"ಮೇಡಂ, ಒಂದು ಮಾತು ಕೇಳ್ಲೇನ್ರಿ?" ಡಾಕ್ಟರು ಮೇಜಿನ ಕೆಳಗೆ ನೋಡಿದರು. ನನ್ನ ಬೂಟು ನೆಲಕ್ಕೆ ಟಕಟಕ ಬಡಿಯುತ್ತಿತ್ತು. "ನಿಮಗ ನಿದ್ದಿ ಚಂದ ಆಗಾಕತ್ತದೇನ್ರಿ?"

"ಪ್ರಶ್ನಿ ಕೇಳೋದು ಇಲ್ಲಿ ನನ್ನ ಕೆಲಸ ಡಾಕ್ಟರೇ."

ನಿದ್ದೆ ಯಾರಿಗೆ ಬೇಕು? ನಾಲ್ಕು ದಿನಗಳಿಂದ ಒಂದೆರಡು ತಾಸಿಗಿಂತ ಹೆಚ್ಚು ಮಲಗಿರಲಿಲ್ಲ. ಆದರೂ ಈ ಠಾಣೆಯಲ್ಲಿ ನನ್ನಷ್ಟು ಓಡಾಡಿದವರು ಒಬ್ಬರಿಲ್ಲ. ಇಪ್ಪತ್ಮೂರಕ್ಕೇ ಪಿಎಸ್ಐ ಆದವಳು ನಾನು, ಈಗ ಇಪ್ಪತ್ನಾಲ್ಕು. ಯಾರೂ ಕೇಳದಿದ್ದರೂ ಈ ಮಾತು ಹೇಳುತ್ತೇನೆ. "ಹುಡುಗಿ ಏನ್ ಠಾಣೆ ನಡಸ್ತದ" ಎಂದು ನಕ್ಕವರೇ ಈಗ ನನ್ನ ಬೂಟಿನ ಸದ್ದಿಗೆ ಎದ್ದು ನಿಲ್ಲುತ್ತಾರೆ. ಹೋದ ವರ್ಷ ಅಪ್ಪ ತೀರಿಕೊಂಡಾಗಲೂ ನಾಲ್ಕನೇ ದಿನಕ್ಕೆ ಡ್ಯೂಟಿಗೆ ಬಂದಿದ್ದೆ. ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

"ಸಂಘಮಿತ್ರಾ ಮೇಡಂ ಅಂದ್ರ ಉಕ್ಕು," ಎಂದು ಅವತ್ತು ಹವಾಲ್ದಾರ ಖಾಜಾಹುಸೇನ ಎಲ್ಲರ ಮುಂದೆ ಹೇಳಿದ್ದ. ಆ ಮಾತನ್ನು ಪದಕದಂತೆ ಇಟ್ಟುಕೊಂಡಿದ್ದೇನೆ.

"ಅವ್ವಾರು ಹೆಂಗದಾರ್ರಿ?" ಡಾಕ್ಟರು ಬಿಡಲಿಲ್ಲ.

"ಚಂದ ಅದಾಳ. ಕ್ವಾರ್ಟರ್ಸಿನಾಗ ನನ್ನ ಜೋಡಿನೇ ಇರ್ತಾಳ."

ನಮ್ಮವ್ವ ಬಸ್ಸಮ್ಮನ ವಿಷಯಕ್ಕೆ ಬಂದರೆ ನನ್ನ ಎದೆ ಇನ್ನೂ ಉಬ್ಬುತ್ತದೆ. ಗಂಡ ಸತ್ತ ಮೇಲೆ ಬಳೆ ಒಡೆಯಲು ಬಂದ ಹೆಂಗಸರನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದವಳು ಅವಳು. "ನನ್ನ ಕೈ ಬರಿದು ಮಾಡಬ್ಯಾಡ ಅಂತ ಮಾಸ್ತರ್ರು ಹೇಳಿ ಹೋಗ್ಯಾರ" ಎಂದಿದ್ದಳು. ಇವತ್ತಿಗೂ ಎರಡೂ ಕೈತುಂಬ ಹಸಿರು ಬಳೆ. ದಿನಾ ಬೆಳಿಗ್ಗೆ ಆ ಬಳೆಗಳ ಸದ್ದಿನೊಂದಿಗೆ ಅಂಬಲಿಯ ಲೋಟ ನನ್ನ ಕೈಗೆ ಬರುತ್ತದೆ. ಈಚೆಗೆ ಅವಳ ಕೈರುಚಿ ಕೆಟ್ಟಿದೆ, ಅಂಬಲಿ ಕಹಿ. ಇವತ್ತಂತೂ ಬಾಯಿಗಿಡಲು ಆಗಲಿಲ್ಲ. ಆದರೂ ಅವಳು ಎದುರು ನಿಂತು, ಲೋಟ ಖಾಲಿಯಾಗುವ ತನಕ ಕದಲುವುದಿಲ್ಲ.

ಖಾಜಾಹುಸೇನ ಚೀಟಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಮೂರರಾಗೂ ನಡುವ ಮೂರು ಬೂದು ಗೆರಿ ಅದಾವ ಮೇಡಂ. ಝೆರಾಕ್ಸ್ ಮಷೀನು ಹೊಲಸಾಗಿರಬೇಕ್ರಿ."

"ಮೂರರ ಕಾಗದನೂ ಬ್ಯಾರೆ ಅದ, ಬ್ಯಾರೆ ಬ್ಯಾರೆ ದಿನ ತಗಸಿದ್ದು. ಮೂರೂ ಸಲ ಮಷೀನು ಒಂದೇ ನಮೂನಿ ಹೊಲಸಾಗಿರ್ತದೇನೋ?"

ನಾನು ಮೂರನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದೆ. ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂತವು. ಮೂಲೆಯಲ್ಲಿ ಉಗುರಿನಷ್ಟು ಅಗಲದ ಒಂದು ಗುಳ್ಳೆಯ ಗುರುತೂ ಮೂರರಲ್ಲಿ ಅದೇ ಜಾಗದಲ್ಲಿತ್ತು. ಕಾಗದದಲ್ಲಿ ಗುಳ್ಳೆ ಏಳುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಏಳುತ್ತದೆ.

"ಅಸಲಿ ಚೀಟಿಗೆ ಲ್ಯಾಮಿನೇಷನ್ ಮಾಡಿಸ್ಯಾರ," ಎಂದೆ.

"ಡಾಕ್ಟರ್ ಚೀಟಿಗಿ? ಯಾರ್ರಿ ಮಾಡಸ್ತಾರ?"

"ಅದನ್ನ ದೇವರಂತ ತಿಳ್ಕೊಂಡವರು. ಗೆರಿ ಅಲ್ಲೋ ಇವು, ವಿಭೂತಿ. ಮೂರು ಬೆರಳಿಂದ ಹಚ್ಚಿ, ಮ್ಯಾಲೆ ಪ್ಲಾಸ್ಟಿಕ್ ಹಾಕಿಸ್ಯಾರ. ಅದಕ್ಕ ಅಳಿಸಿಲ್ಲ."

ಡಾಕ್ಟರ ಮುಖದ ಬಣ್ಣ ಬದಲಾಯಿತು. ಅದನ್ನು ನೋಡಿದ ಕೂಡಲೇ ನನ್ನ ಬೆರಳು ಚೀಟಿಯ ಇನ್ನೊಂದು ಗುರುತಿನ ಮೇಲೆ ಹೋಯಿತು. ಗುಳಿಗೆಯ ಹೆಸರಿನ ಮುಂದೆ ಪೆನ್ನಿನಲ್ಲಿ ಒಂದು ವೃತ್ತ. ಬೆಳಗಿನ ಹೊತ್ತು ಎಂದು ತೋರಿಸಲು ಬರೆದ ಸೂರ್ಯ ಎಂದುಕೊಂಡಿದ್ದೆವು.

"ಓದು ಬರದವರಿಗೆ ನಾ ಚಿತ್ರ ಬರದು ಕೊಡ್ತೀನ್ರಿ," ಎಂದರು ಡಾಕ್ಟರು ನಿಧಾನವಾಗಿ. "ಅವರು ಮುಂಜಾನಿ ಮೊದಲು ಮುಟ್ಟೋ ಸಾಮಾನಿನ ಚಿತ್ರ. ಹಾಲು ಮಾರೋರಿಗೆ ಕ್ಯಾನು, ಹೊಲಕ್ಕ ಹೋಗೋರಿಗೆ ಕುಡುಗೋಲು. ಅದನ್ನ ಮುಟ್ಟಿದಾಗ ಗುಳಿಗಿ ನೆನಪಾಗಲಿ ಅಂತ."

"ಹಂಗಾದ್ರ ಇದು ಯಾರ ಚೀಟಿ?"

"ಝೆರಾಕ್ಸಿನಾಗ ನನಗೂ ಗುರ್ತು ಸಿಕ್ಕಿದ್ದಿಲ್ಲ, ಈಗ ಗೊತ್ತಾತು. ಆದ್ರ ರೋಗಿ ಹೆಸರು ಹಂಗ ಹೇಳಾಕ ಬರಂಗಿಲ್ರಿ. ಹತ್ತು ನಿಮಿಷ ಕೊಡ್ರಿ. ನಾನೇ ಫೋನ್ ಮಾಡಿ, ಒಪ್ಪಿಗಿ ತಗೊಂಡು ಹೇಳ್ತೀನಿ. ಕುಂದರ್ರಿ ಮೇಡಂ, ನೀವೂ ಹತ್ತು ನಿಮಿಷ ಕುಂದರ್ರಿ."

ನನಗೆ ಕೂರಲು ಆಗುತ್ತಿರಲಿಲ್ಲ. ವೃತ್ತವನ್ನೇ ನೋಡಿದೆ. ಸೂರ್ಯನಿಗೆ ಕಿರಣ ಇರಬೇಕಿತ್ತು. ಇದಕ್ಕೆ ಇದ್ದದ್ದು ಅಂಚಿನಲ್ಲಿ ಎರಡು ಸಣ್ಣ ಗೀರು. ಹೆಂಗಸರೆಲ್ಲ ಹುಟ್ಟಿದಾಗಿನಿಂದ ನೋಡುವ ವಸ್ತು ಇದು, ಗಂಡಸರ ಠಾಣೆಯಲ್ಲಿ ಇನ್ನು ಹತ್ತು ವರ್ಷ ಇಟ್ಟಿದ್ದರೂ ಯಾರಿಗೂ ಕಾಣುತ್ತಿರಲಿಲ್ಲ.

ಬಳೆ.

ಉಮಾಶ್ರೀಯ ಸೋದರತ್ತೆ, ನೀಲಕಂಠನ ಅಕ್ಕ ಪಾರ್ವತಿಬಾಯಿಗೆ ರಂಗಂಪೇಟೆಯಲ್ಲಿ ಬಳೆ ಅಂಗಡಿ ಇತ್ತು. ಆಟೋದಲ್ಲಿ ಆ ಅಂಗಡಿಗೆ ಬಳೆಯ ಪೆಟ್ಟಿಗೆ ಸಾಗಿಸುತ್ತಿದ್ದವನು, ಕಾರ್ಖಾನೆ ಸೇರುವ ಮೊದಲಿನ ತಿಮ್ಮಣ್ಣ.

"ಸಾಬಣ್ಣಾ, ಡಾಕ್ಟರ್ರನ್ನ ನೋಡ್ಕೋ," ಎಂದೆ ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್‌ಗೆ. "ಖಾಜಾಹುಸೇನ, ಜೀಪು ತಗಿ. ಉಳಿದವರೂ ಬರ್ರಿ."

"ಮೇಡಂ, ಮಂದಿ ಭಾಳ ಅದಾರ. ಸಾಬಣ್ಣ ಒಬ್ಬನೇ..."

"ಹತ್ತು ನಿಮಿಷದಾಗ ಬರ್ತೀವಿ, ನಡೀರಿ!"

ನನ್ನ ಧ್ವನಿ ನನಗೇ ದೊಡ್ಡದೆನಿಸಿತು. ಜನರನ್ನು ಸೀಳಿಕೊಂಡು ನಾನೇ ಮುಂದೆ ನಡೆದೆ. ಎಲ್ಲರ ಮುಂದೆ ನಿಂತು ಕೂಗುತ್ತಿದ್ದ ನೀಲಕಂಠ ಬದಿಗೆ ಸರಿದು ದಾರಿ ಬಿಟ್ಟ.

ಖಾಜಾಹುಸೇನ ಜೀಪನ್ನು ರಂಗಂಪೇಟೆಯ ಕಡೆ ತಿರುಗಿಸಿದ. ಆಮೇಲೆ ಕನ್ನಡಿಯಲ್ಲಿ ನೋಡುತ್ತಾ ಕೇಳಿದ, "ನಿನ್ನಿ ಹತ್ತಿಕುಣಿಗಿ ಯಾಕ ಹೋದ್ವಿರಿ ಮೇಡಂ?"

ನಿನ್ನೆ ಯಾದಗಿರಿಯ ದವಾಖಾನೆಯಲ್ಲಿ ಉಮಾಶ್ರೀಯನ್ನು ಮಾತಾಡಿಸಿ ಬರುವಾಗ ಜೀಪನ್ನು ಹತ್ತಿಕುಣಿ ಕೆರೆಯ ಕಡೆ ತಿರುಗಿಸಲು ಹೇಳಿದ್ದೆ. ಒಡ್ಡಿನ ಮೇಲೆ ಅರ್ಧ ತಾಸು ನಿಂತಿದ್ದೆ. ಅವನು ಮೂರು ಸಲ ಕರೆದ ಮೇಲೆ ತಿರುಗಿದೆನಂತೆ.

"ಗಾಳಿ ಬೇಕಾಗಿತ್ತು," ಎಂದೆ.

ಉಮಾಶ್ರೀ ಹೇಳಿದ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. "ಸಾಯಬೇಕಂತ ನನಗಿದ್ದಿಲ್ಲ ಅಕ್ಕಾ. ಕಾಲು ಒಂದ್ಕಡಿ ನಿಲ್ತಿದ್ದಿಲ್ಲ. ಎದ್ಯಾಗ ಇರಿವಿ ಬಿಟ್ಟಂಗ ಆಗ್ತಿತ್ತು. ಇದು ನಿಂತ್ರ ಸಾಕಾಗಿತ್ತು." ಗುಳಿಗೆ ಯಾರು ಕೊಟ್ಟರು ಎಂದು ಕೇಳಿದರೆ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಆಣೆ ಹಾಕಿದ್ದೇನೆ ಎಂದಷ್ಟೇ ಹೇಳಿದ್ದಳು.

ಉಳಿದವರನ್ನು ಬೀದಿಯಲ್ಲೇ ನಿಲ್ಲಿಸಿ ನಾವಿಬ್ಬರು ಒಳಗೆ ಹೋದಾಗ ಪಾರ್ವತಿಬಾಯಿಯ ಅಂಗಡಿಯಲ್ಲಿ ಒಬ್ಬ ಮದುವೆ ಹೆಣ್ಣು ಕೈಚಾಚಿ ಕುಳಿತಿದ್ದಳು. ಹಣೆಯ ತುಂಬ ವಿಭೂತಿ ಹಚ್ಚಿದ್ದ ಪಾರ್ವತಿಬಾಯಿ ಅವಳ ಬೆರಳು ಮಡಚಿ, ಒತ್ತಿ, ಒಂದು ಬಳೆಯೂ ಒಡೆಯದಂತೆ ತೊಡಿಸುತ್ತಿದ್ದಳು. ನಮ್ಮನ್ನು ನೋಡಿ ಅವಳ ಕೈ ನಿಲ್ಲಲಿಲ್ಲ. ಡಜನ್ನು ಮುಗಿಸಿ, ಹುಡುಗಿಯನ್ನು ಕಳಿಸಿ, ಆಮೇಲೆ ತಲೆ ಎತ್ತಿದಳು.

"ಬರ್ರಿ. ಅಳತಿ ಎಷ್ಟು?"

"ಬಳಿಗಿ ಬಂದಿಲ್ಲ. ಚೀಟಿ ತಗೀರಿ."

ಅವಳು ಸುಳ್ಳು ಹೇಳಲಿಲ್ಲ. ಹಿಂದಿನ ದೇವರ ಜಗುಲಿಯ ಮೇಲಿದ್ದ ಲಿಂಗದ ಪಕ್ಕದಿಂದ ಒಂದು ಪ್ಲಾಸ್ಟಿಕ್ ಹಾಳೆ ತೆಗೆದು ಕಣ್ಣಿಗೊತ್ತಿಕೊಂಡು ನನ್ನ ಮುಂದಿಟ್ಟಳು. ಮೂರು ಗೆರೆ ವಿಭೂತಿ. ಮೂಲೆಯಲ್ಲಿ ಗುಳ್ಳೆ. ಮೇಲೆ ಅವಳ ಹೆಸರು, ವಯಸ್ಸು ಐವತ್ತೊಂದು, ಎರಡು ವರ್ಷದ ಹಿಂದಿನ ತಾರೀಖು.

"ಕದ್ದಿಲ್ಲ, ಮುಚ್ಚಿಟ್ಟಿಲ್ಲ," ಎಂದಳು. "ಎರಡು ವರ್ಷದ ಹಿಂದ ನಾ ಮಂಚ ಬಿಟ್ಟು ಎದ್ದಿದ್ದಿಲ್ಲ. ನೀರು ಕೊಟ್ರ ಕುಡೀತಿದ್ದಿಲ್ಲ. ಈ ಚೀಟಿ ನನ್ನ ಎಬ್ಬಿಸಿ ಅಂಗಡ್ಯಾಗ ಕೂಡಿಸ್ಯದ. ಸಂಕಟದಾಗ ಬಂದವರಿಗೆ ಇಲ್ಲ ಅನ್ನಲೇನು? ಒಂದು ರೂಪಾಯಿ ಮುಟ್ಟಿಲ್ಲ ನಾ."

"ಎಷ್ಟು ಮಂದಿಗೆ ಕೊಟ್ಟೀರಿ?"

"ಮೂವರಿಗೆ. ಮೂವರ ಕಡಿಂದನೂ ಆಣಿ ತಗೊಂಡೀನಿ, ಯಾರ ಮುಂದೂ ಹೇಳಬಾರ್ದಂತ. ನಾನೂ ಆಣಿ ಹಾಕೀನಿ. ಪೊಲೀಸ್ರು ಬಂದ್ರಂತ ಆಣಿ ಮುರಿಯಾಕಿ ಅಲ್ಲ ನಾ."

ಅವಳ ಬೆನ್ನು ನೆಟ್ಟಗಿತ್ತು. ಈ ಹೆಂಗಸು ಬೇರೆ ದಿನ ಸಿಕ್ಕಿದ್ದರೆ ಇಷ್ಟವಾಗುತ್ತಿದ್ದಳು. ಇವತ್ತು ಅವಳ ಸ್ಟೂಲನ್ನು ಒದೆಯುವಷ್ಟು ಸಿಟ್ಟು ಬಂತು.

"ಮೊದಲ್ನೇ ಗುರುವಾರ ಡಾಕ್ಟರು ಎಷ್ಟು ಗುಳಿಗಿ ಕೊಟ್ಟಿದ್ರು?"

"ಅರ್ಧ."

"ಮುಂದಿನ ವಾರ?"

"ಅರ್ಧನೇ. ಆಮ್ಯಾಲೆ ಒಂದು."

"ಈ ಚೀಟಿ ಬರದದ್ದು ಯಾವಾಗ?"

"ಶಿವರಾತ್ರಿ ಮುಂದ. ನಾಕು ತಿಂಗಳಾಗಿತ್ತು."

"ನಾಕು ತಿಂಗಳು ಪ್ರತಿ ಗುರುವಾರ ಅವರ ಮುಂದ ಕುಂತ್ರಿ. ಉಂಡ್ಯೋ, ಮಲಗಿದ್ಯೋ, ಕೆಟ್ಟ ವಿಚಾರ ಬಂತೋ ಅಂತ ಕೇಳಿದ್ರು. ಹೌದಿಲ್ಲೋ? ಉಮಾಶ್ರೀಗಿ ಯಾರು ಕೇಳಿದ್ರು? ತಿಮ್ಮಣ್ಣಗ?"

ಪಾರ್ವತಿಬಾಯಿಯ ಕೈ ಬಳೆಯ ಗೊಂಚಲಿನ ಮೇಲೆ ನಿಂತಿತು.

"ನಾನು... ಒಳ್ಳೇದಾಗಲಿ ಅಂತ..."

"ಐವತ್ತೊಂದು ವರ್ಷದಾಕಿಗೆ ನಾಕು ತಿಂಗಳ ಮ್ಯಾಲೆ ಬರದದ್ದನ್ನ ಹತ್ತೊಂಬತ್ತರ ಹುಡುಗಿ ಮೊದಲನೇ ದಿನಾನೇ ನುಂಗ್ಯಾಳ. ನಿಮ್ಮ ತಮ್ಮ ಠಾಣೆ ಮುಂದ ಡಾಕ್ಟರ್ರನ್ನ ಹೊಡಿಯಾಕ ನಿಂತಾನ. ನೀವು ಇಲ್ಲಿ ಕುಂತು ಬಳಿ ತೊಡಸಾಕತ್ತೀರಿ."

ಅವಳ ಕಣ್ಣು ತುಂಬಿತು. ಅಳಲು ಬಿಡುವ ವ್ಯವಧಾನ ನನಗಿರಲಿಲ್ಲ.

"ಸತ್ತವನಿಗೆ ಇನ್ನೇನು ಮಾಡಾಕ ಆಗೋದಿಲ್ಲ. ಮೂರನೇದವರು ಇನ್ನೂ ಬದುಕ್ಯಾರ. ಹೇಳ್ರಿ ಯಾರಂತ. ನಿಮ್ಮ ಆಣಿ ಪಾಪ ನನ್ನ ತಲಿ ಮ್ಯಾಲಿರ್ಲಿ."

ಅವಳು ಲಿಂಗದ ಕಡೆ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹೆಸರು ಗೊತ್ತಿಲ್ರಿ. ಕೇಳಿಲ್ಲ ನಾ. ಬಳಿ ತೊಡಕೊಳ್ಳಾಕ ಬಂದಿದ್ಲು. ಮಗಳ ಸಲುವಾಗಿ ಕಣ್ಣೀರು ಹಾಕಿದ್ಲು. ಮಗಳು ದೊಡ್ಡ ನೌಕರ್ಯಾಗ ಅದಾಳಂತ. ಅಪ್ಪ ಸತ್ತು ವರ್ಷಾತು, ಒಂದಿನ ಅತ್ತಿಲ್ಲಂತ. ಉಣ್ಣಂಗಿಲ್ಲಂತ, ಯಾರ ಜೋಡಿನೂ ಮಾತಿಲ್ಲಂತ. ದವಾಖಾನಿಗಿ ನಡಿ ಅಂದ್ರ ಸಿಟ್ಟು ಮಾಡ್ತಾಳಂತ. ಅದಕ್ಕ ಗುಳಿಗಿ ಅರದು, ಗೊತ್ತಾಗದಂಗ ಕುಡಸ್ತೀನಿ ಅಂದ್ಲು."

ಖಾಜಾಹುಸೇನ ಬಾಗಿಲ ಹತ್ತಿರ ಒಮ್ಮೆ ಕೆಮ್ಮಿದ.

"ಗುರ್ತು?" ಎಂದೆ.

"ನನಗ ಮಾರಿಗಿಂತ ಕೈ ನೆನಪಿರ್ತಾವ್ರಿ. ಎರಡು-ಆರರ ಬಳಿ ಅಳತಿ. ಗಂಡ ತೀರ್ಕೊಂಡಾನ ಅಂದ್ಲು, ಮತ್ತ ಹಸಿರು ಬಳಿ ತೊಡಸು ಅಂದ್ಲು. ಮೂವತ್ತು ವರ್ಷದಾಗ ನಾ ಹಂಗ ಯಾರಿಗೂ ತೊಡಿಸಿದ್ದಿಲ್ಲ. 'ನನ್ನ ಕೈ ಬರಿದು ಮಾಡಬ್ಯಾಡ ಅಂತ ಮಾಸ್ತರ್ರು ಹೇಳಿ ಹೋಗ್ಯಾರ' ಅಂದ್ಲು. ಅಷ್ಟು ಹೆಮ್ಮಿ ಆಕಿಗೆ."

ಬೀದಿಯಲ್ಲಿ ಯಾವುದೋ ಟಂಟಂ ಆಟೋ ಹಾರ್ನ್ ಹೊಡೆಯುತ್ತಾ ಹೋಯಿತು. ನಾನು ಕೆಳಗೆ ನೋಡಿದೆ. ನನ್ನ ಬೂಟು ಟಕಟಕ ಬಡಿಯುತ್ತಿತ್ತು. ನಿಲ್ಲಿಸಲು ನೋಡಿದೆ. ನಿಲ್ಲಲಿಲ್ಲ.

ಹದಿನಾರು ದಿನ. ಕಹಿ ಅಂಬಲಿ. ಎದುರು ನಿಂತು ಕಾಯುವ ಅವ್ವ. ನಿದ್ದೆ ಬೇಡ ಎಂದು ಬೀಗಿದ್ದ ನಾಲ್ಕು ದಿನ. ಹತ್ತಿಕುಣಿಯ ಒಡ್ಡಿನ ಮೇಲೆ ನಿಂತಾಗ, ನಾನಿಲ್ಲದಿದ್ದರೂ ಯಾರಿಗೂ ಏನೂ ಕಮ್ಮಿಯಾಗುವುದಿಲ್ಲ ಎಂದು ಎಷ್ಟು ಸಲೀಸಾಗಿ ಅನಿಸಿತ್ತು. ಅದು ನನ್ನದೇ ವಿಚಾರ ಎಂದುಕೊಂಡಿದ್ದೆ. ಧೈರ್ಯ ಎಂದುಕೊಂಡಿದ್ದೆ.

"ಇವತ್ತು ಮುಂಜಾನಿ ಹೊತ್ತು ಮೂಡೋಕಿಂತ ಮೊದಲ ಫೋನ್ ಮಾಡಿದ್ಲ್ರಿ," ಪಾರ್ವತಿಬಾಯಿ ಇನ್ನೂ ಹೇಳುತ್ತಿದ್ದಳು. "ಮಗಳಿಗೆ ಗುಣ ಕಾಣವಲ್ದು, ಸಿಟ್ಟು ಹೆಚ್ಚಾಗ್ಯದ ಅಂದ್ಲು. ಇವತ್ತಿನಿಂದ ಎರಡು ಹಾಕು ಅಂತ ನಾನೇ ಹೇಳೀನಿ."

ಜಿಲ್ಲೆಯಲ್ಲಿ ಬೇರೆ ಯಾರಿಗೂ ಸಿಗದ ಮೂರನೆಯವರು ನನಗೆ ಸಿಕ್ಕಿದ್ದರು.

ಸೊಂಟದ ಚೀಲದಿಂದ ಪಿಸ್ತೂಲು ತೆಗೆದೆ. ಪಾರ್ವತಿಬಾಯಿ ಹಿಂದಕ್ಕೆ ಸರಿದಳು. ಗುಂಡು ಖಾಲಿ ಮಾಡಿ, ಎರಡನ್ನೂ ಖಾಜಾಹುಸೇನನ ಕೈಗೆ ಕೊಟ್ಟೆ. ಈ ಸಮವಸ್ತ್ರ ಹಾಕಿದ ಮೇಲೆ ನಾನು ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಇದಕ್ಕಿಂತ ಹೆಮ್ಮೆಯದ್ದೂ ಇಲ್ಲ.

"ನಿನ್ನ ಹತ್ರ ಇಟ್ಕೋ. ನಾ ಕೇಳಿದ್ರೂ ಕೊಡಬ್ಯಾಡ. ನನ್ನ ಒಬ್ಬಾಕಿನ್ನೇ ಎಲ್ಲೂ ಬಿಡಬ್ಯಾಡ. ಮೂರನೇದಾಕಿ ನಾನೇ ಖಾಜಾಹುಸೇನ. ಡಾಕ್ಟರ್ರ ಹತ್ರ ಕರ್ಕೊಂಡು ನಡಿ."

ಅವನ ಮುಖ ಒಂದು ಕ್ಷಣ ಕುಸಿಯಿತು. ಆಮೇಲೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಪಿಸ್ತೂಲನ್ನು ಒಳಗಿಟ್ಟುಕೊಂಡು ಠಾಣೆಗೆ ಫೋನ್ ಹಚ್ಚಿದ. ಸಾಬಣ್ಣನ ಧ್ವನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು.

"ನೀವು ಹ್ವಾದ ಕೂಡಲೇ ಮಂದಿ ಒಳಗ ನುಗ್ಗಿದ್ರಿ. ನಾ ಒಬ್ಬನೇ ಇದ್ದೆ. ಡಾಕ್ಟರ್ ಸಾಹೇಬ್ರ ಫೋನು ಇಲ್ಲೇ ಮೇಜಿನ ಮ್ಯಾಲದ. ಅವರನ್ನ ಕರಿ ಗಾಡ್ಯಾಗ ಹಾಕ್ಕೊಂಡು ಹೋಗ್ಯಾರ್ರಿ. ಯಾ ಕಡಿಗಿ ಅಂತ ಗೊತ್ತಿಲ್ಲ."